ಹೊತ್ತು ಕೂಡಿಬಾರದ ಜೇನಿನ ಬೀಗತನ

ಒಂದು ಗಬ್ಬದ ಆಕಳು. ಜೇನಿನ ಈ ಪಾಠ ಕಲಿಯಲು ನನಗೆ ತಗುಲಿದ ಖರ್ಚು ಅದು. ಎರಡನೇ ಸೂಲಿನ ಜರ್ಸಿ ಮಿಶ್ರತಳಿ, ಕೆಚ್ಚಲು ನೋಡಿದವರು ಹೆಚ್ಚು ಮಾತಾಡದೆ ಕೊಳ್ಳುವಂಥದ್ದು. ಅದನ್ನು ಮಾರಿದ ರೊಕ್ಕದಲ್ಲಿ ಜೇನಿನ ಪೆಟ್ಟಿಗೆಗಳನ್ನು ತಂದೆ. ಯಾಕೆಂದರೆ ನನ್ನ ತಂಗಿಯ ಹೊಲದಲ್ಲಿ ಬೀಜದ ಉಳ್ಳಾಗಡ್ಡಿ ಹೂ ಬಿಡುವುದಿತ್ತು. ಇನ್ನೊಂದು ಕಾರಣವೂ ಉಂಟು: ತಳಿ ಕೂಡಿಸುವ ವಿದ್ಯೆ ನನಗೆ ಬರುತ್ತದೆ ಎಂದು ನಾನು ನಂಬಿದ್ದೆ. ಮೊದಲನೇ ಕಾರಣಕ್ಕಷ್ಟೇ ಖರ್ಚು ಮಾಡಿದ್ದರೆ ಆಕಳಿನ ಅರ್ಧ ರೊಕ್ಕ ಮನೆಯಲ್ಲೇ ಉಳಿಯುತ್ತಿತ್ತು.

ನಾನು ಕುಂದಗೋಳದ ಕಡೆಯವಳು. ದನದ ವ್ಯಾಪಾರ ನನ್ನದು. ಹೆಂಗಸು ದನದ ಸಂತೆಯಲ್ಲಿ ಏನು ಮಾಡುತ್ತಾಳೆ ಎಂದು ಕೇಳುವವರು ಈಗ ಕಡಿಮೆ, ಮೊದಲು ಬಹಳ ಇದ್ದರು. ನಮ್ಮ ಸಂತೆಗಳಲ್ಲಿ ಗಂಡಸರು ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಮುರಿಯುತ್ತಾರೆ. ಹೆಂಗಸಿನ ಕೈ ಹಿಡಿಯುವವರು ಯಾರು? ಹಾಗಾಗಿ ನಾನು ನನ್ನ ದರವನ್ನು ಬಾಯಿಬಿಟ್ಟು, ಸುತ್ತಲಿನವರಿಗೆ ಕೇಳುವ ಹಾಗೆ ಹೇಳುವ ರೂಢಿ ಮಾಡಿಕೊಂಡೆ. ಎದುರಿನವನು ಇಲ್ಲ ಅನ್ನದೆ ಸುಮ್ಮನೆ ನಿಂತನೋ, ನನ್ನ ಪಾಲಿಗೆ ಅದು ಹೂಂ. ಹಗ್ಗ ಹಿಡಿದು ಹೊರಟುಬಿಡುತ್ತೇನೆ. ಹೀಗೆ ಹಗ್ಗ ಹಿಡಿದು ಹೊರಟೇ ನಾನು ಮನೆಗೆ ಸ್ಲ್ಯಾಬು ಹಾಕಿಸಿದ್ದು.

ಇನ್ನು ತಳಿಯ ಮಾತು. ಜವಾರಿ ಆಕಳು ಬಿಸಿಲು ತಡೆಯುತ್ತದೆ, ಹಾಲು ಕಡಿಮೆ. ಜರ್ಸಿ ಹಾಲು ಕೊಡುತ್ತದೆ, ನಮ್ಮ ಬಿಸಿಲಿಗೆ ನಾಲಿಗೆ ಹೊರಗೆ ಹಾಕಿ ಮಲಗುತ್ತದೆ. ಎರಡನ್ನೂ ಕೂಡಿಸಿದರೆ ಹುಟ್ಟುವ ಕರುವಿನಲ್ಲಿ ಅದರದ್ದಷ್ಟು, ಇದರದ್ದಷ್ಟು ಗುಣ ಬರುತ್ತದೆ. ಇಂಥ ಆಕಳುಗಳನ್ನು ಕೊಂಡು ಮಾರಿಯೇ ನಾನು ನಿಂತದ್ದು. ಬೆರೆಸಿದ್ದು ಯಾವಾಗಲೂ ಲಾಭ ಎಂಬುದು ನನ್ನ ಹಾಡಾಗಿತ್ತು. ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ.

ತಂಗಿಯನ್ನು ಕೊಟ್ಟದ್ದು ನವಲಗುಂದದ ಕಡೆ, ಕೂಡಿದ ಮನೆಗೆ. ಮನೆಯ ವ್ಯವಹಾರವೆಲ್ಲ ಅವಳ ಭಾವನ ಕೈಯಲ್ಲಿ, ಅಂದರೆ ಅವಳ ಗಂಡನ ಅಣ್ಣ. ಎರೆಹೊಲದ ಮನುಷ್ಯ, ಕಡಲೆ, ಜೋಳ, ಹತ್ತಿ ಬಿಟ್ಟು ಬೇರೆ ಮಾತಿಲ್ಲ. ತಂಗಿಗೆ ಮಾತ್ರ ಉಳ್ಳಾಗಡ್ಡಿ ಬೀಜ ಬೆಳೆಯಬೇಕೆಂಬ ಹುಚ್ಚು. ವರ್ಷಗಟ್ಟಲೆ ಬೆನ್ನು ಬಿದ್ದ ಮೇಲೆ ಭಾವ ಬಾವಿಯ ಬಾಜೂಕಿನ ತುಂಡು ಹೊಲ ತೋರಿಸಿ ಹೇಳಿದ:

"ಈ ಹಿಂಗಾರಿ ನಿನಗ ಬಿಟ್ಟೀನಿ ನೋಡವಾ. ಬೀಜ ಬಂತು, ಹೊಲಾ ನಿನ್ನ ಕೈಯಾಗ ಇರಲಿ, ನಾ ಕೇಳಂಗಿಲ್ಲ. ಬರಲಿಲ್ಲ, ಮುಂದಿನ ವರ್ಷ ಕಡ್ಲಿ ಬಿತ್ತೂಣು, ನೀ ಕೇಳಬ್ಯಾಡ."

ಆ ಮನೆಯಲ್ಲಿ ಅವಳದು ಎಂದು ಹೇಳಿಕೊಳ್ಳಲು ಟ್ರಂಕು ಬಿಟ್ಟರೆ ಬೇರೇನೂ ಇರಲಿಲ್ಲ. ಆ ತುಂಡು ಹೊಲ ಅವಳಿಗೆ ಎಷ್ಟು ದೊಡ್ಡದು ಎಂದು ನಾನು ಹೇಳಬೇಕಾಗಿಲ್ಲ.

ಬೀಜದ ಉಳ್ಳಾಗಡ್ಡಿಯನ್ನು ನೋಡದವರಿಗೆ: ಗಡ್ಡೆಯನ್ನೇ ಮತ್ತೆ ನೆಲಕ್ಕೆ ಹಾಕುತ್ತಾರೆ. ಅದು ಕೋಲಿನಂಥ ದಂಟು ಬಿಟ್ಟು, ತುದಿಯಲ್ಲಿ ಬಿಳಿ ಹೂವಿನ ಚೆಂಡು ಅರಳಿಸುತ್ತದೆ. ಆ ಚೆಂಡಿನ ಮೇಲೆ ಜೇನ್ನೊಣ ಓಡಾಡಿದರೆ ಕರಿ ಬೀಜ ಕಟ್ಟುತ್ತದೆ, ಇಲ್ಲವಾದರೆ ಒಣಗಿ ಹೊಟ್ಟಾಗುತ್ತದೆ. ಸುತ್ತ ಹತ್ತಿಗೆ ಹುಳ ಸಾಯುವ ಎಣ್ಣೆ ಹೊಡೆದೂ ಹೊಡೆದೂ ಆ ಕಡೆ ಜೇನು ಅಪರೂಪವಾಗಿತ್ತು. ತಂಗಿ ಫೋನು ಮಾಡಿದಳು. "ಯಕ್ಕಾ, ಜೇನಿನ ಪೆಟಗಿ ಸಿಗತಾವಂತ. ನೀ ವ್ಯಾಪಾರ ಬಲ್ಲಾಕಿ, ನೋಡಿ ನಾಕು ತಂದು ಕೊಡಬೇ. ಬರೇ ತಂದು ಕೊಡು, ಮತ್ತೇನೂ ಮಾಡಬ್ಯಾಡ."

ಕಡೆಯ ಮಾತು ನನ್ನ ಕಿವಿಗೆ ಬೀಳಲಿಲ್ಲ ಎಂದಲ್ಲ. ಬಿದ್ದಿತು, ನಿಲ್ಲಲಿಲ್ಲ.

ಪೆಟ್ಟಿಗೆ ಸಾಕುವವರು ಮಿಶ್ರಿಕೋಟಿಯ ಆಚೆ, ಕಾಡು ಶುರುವಾಗುವ ಕಡೆ ಇದ್ದ ಒಬ್ಬ ನಿವೃತ್ತ ಮಾಸ್ತರರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವರು. ಒಳ್ಳೆಯ ಮನುಷ್ಯ, ಆದರೆ ಒಂದು ಪ್ರಶ್ನೆಗೆ ಒಂದು ಉತ್ತರ ಕೊಟ್ಟದ್ದನ್ನು ನಾನು ಇಂದಿನವರೆಗೂ ಕಂಡಿಲ್ಲ. ಅವರ ಹಿತ್ತಲಲ್ಲಿ ಎರಡು ಬಣ್ಣದ ನೊಣ ಇದ್ದವು.

"ಇವು ಎರಡೂ ತುಡುವಿನಽ ಏನ್ರಿ ಮಾಸ್ತರ?" ಎಂದೆ. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ಜವಾರಿ ಜೇನಿಗೆ ತುಡುವೆ ಅನ್ನುತ್ತಾರೆ.

"ತುಡುವಿನಽರಿ."

"ಮತ್ತ ಇದು ಕರ್ರಗ, ಅದು ಹಳದಿ?"

"ಕರೀದು ಗುಡ್ಡದ್ದು. ಹಳದೀದು ಬಯಲಿಂದು."

"ಗುಣಾ ಹೇಳ್ರಿ ಗುಣಾ. ಬಣ್ಣಾ ನಾನೂ ನೋಡಾಕತ್ತೀನಿ."

"ಕರೀದು ಮೈಯಾಗ ದೊಡ್ಡದು. ಜೇನತುಪ್ಪ ಹೆಚ್ಚು ಕೂಡಸ್ತದ. ಆದ್ರ ನಿಮ್ಮ ಎರಿಭೂಮಿ ಬಿಸಲಾಗ ಒಯ್ದು ಇಟ್ರ ನಿಲ್ಲಂಗಿಲ್ಲ, ಎದ್ದು ಹೋಗಿಬಿಡ್ತದ. ಹಳದೀದು ನಿಲ್ತದ. ತುಪ್ಪ ಕಡಿಮಿ."

ನನಗೆ ಒಮ್ಮೆಲೇ ಜವಾರಿ ಆಕಳೂ ಜರ್ಸಿ ಹೋರಿಯೂ ಕಣ್ಣ ಮುಂದೆ ಬಂದು ನಿಂತವು. "ಹಂಗಾದ್ರ ಎರಡನ್ನೂ ಕೂಡಸಿಬಿಡೂಣು," ಎಂದೆ. "ಹಳದಿ ತಾಯಿ, ಕರಿ ತಂದಿ. ಬಿಸಲೂ ತಡೀತದ, ತುಪ್ಪಾನೂ ಕೊಡ್ತದ. ತಂಗಿಗೆ ಬೀಜ ಬಂತು, ಮ್ಯಾಲ ಜೇನು ಬಂತು."

ಮಾಸ್ತರರು ಕಿವಿ ಕೆರೆದುಕೊಂಡರು. ಗುಡ್ಡದ ಕಡೆ ನೋಡಿದರು. "ನೋಡ್ರಿ ಅಕ್ಕಾರ, ಅದು ಹ್ಯಾಂಗಂದ್ರ, ಬಯಲಿಂದು ಬಯಲಿಂದಽ... ಈಗ ಎಷ್ಟೋ ಕಾಲದಿಂದ ಅವು..." ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಇಲ್ಲ ಅನ್ನಲಿಲ್ಲ. ನಾನು ಹಗ್ಗ ಹಿಡಿದುಕೊಂಡೆ.

ನಾಲ್ಕು ಹಳದಿ ಪೆಟ್ಟಿಗೆ ಸಾಕಾಗುತ್ತಿದ್ದ ಕಡೆ, ಮೇಲೆ ಎರಡು ಕರಿ ಪೆಟ್ಟಿಗೆಯೂ ಟಂಟಂ ಗಾಡಿ ಏರಿದವು. ಮಾಸ್ತರರೂ ಜೊತೆಗೆ ಬಂದರು. ನಾನು ಹೇಳಿದ್ದನ್ನೆಲ್ಲ ಮಾಡಿದರು, ಮುಖ ಮಾತ್ರ ಬೇವು ತಿಂದವರ ಹಾಗೆ.

ಜೇನಿನ ಲಗ್ನ ಹೇಗೆ ಎಂದು ಅವರೇ ದಾರಿಯಲ್ಲಿ ಹೇಳಿದ್ದರು. ಪೆಟ್ಟಿಗೆಗೆ ಒಬ್ಬಳೇ ರಾಣಿ. ಅವಳು ಹರೆಯಕ್ಕೆ ಬಂದಾಗ ಹೊರಗೆ ಹಾರಿ, ಆಕಾಶದಲ್ಲೇ ಗಂಡು ನೊಣಗಳನ್ನು ಕೂಡಿ, ತಿರುಗಿ ಬಂದು ಜೀವಮಾನವೆಲ್ಲ ಮೊಟ್ಟೆ ಇಡುತ್ತಾಳೆ. ಕೂಡದೆ ಬಂದ ರಾಣಿಯೂ ಮೊಟ್ಟೆ ಇಡುತ್ತಾಳೆ, ಆದರೆ ಅದರಿಂದ ಬರೀ ಗಂಡು ಹುಟ್ಟುತ್ತವೆ. ಗಂಡು ನೊಣ ಹೂವಿಗೆ ಹೋಗಿ ದುಡಿಯುವುದಿಲ್ಲ, ಮನೆಯಲ್ಲಿ ಕೂತು ಉಣ್ಣುತ್ತದೆ. ಪೆಟ್ಟಿಗೆ ಮುಳುಗುತ್ತದೆ.

ನಾನು ಹಾಕಿದ ಲೆಕ್ಕ ಇಷ್ಟು. ಹಳದಿ ಪೆಟ್ಟಿಗೆಗಳ ಹಳೆಯ ರಾಣಿಯರನ್ನು ತೆಗೆಸಿದೆ, ಅವು ಹೊಸ ರಾಣಿ ಬೆಳೆಸಲಿ ಎಂದು. ಹಳದಿಯ ಗಂಡು ಹುಟ್ಟುವ ಗೂಡುಗಳನ್ನೆಲ್ಲ ಮೇಣದ ಎರಿಯಿಂದ ಕೊಯ್ಯಿಸಿದೆ, ಬೇಡದ ಹೋರಿಯ ಬೀಜ ಒಡೆಸುವ ಹಾಗೆ. ಕರಿ ಪೆಟ್ಟಿಗೆಗಳಲ್ಲಿ ಗಂಡು ನೊಣ ತುಂಬಿ ತುಳುಕುತ್ತಿದ್ದವು, ಅವನ್ನು ಬಾಜೂಕೇ ಇಟ್ಟೆ. ಹೆಣ್ಣು ಹಳದಿ, ಗಂಡು ಕರಿ, ನಡುವೆ ಮೂರು ಮಾರು ಜಾಗ. ಇದಕ್ಕಿಂತ ಹತ್ತಿರದ ಬೀಗತನ ಎಲ್ಲಿ ಸಿಕ್ಕೀತು?

ತಂಗಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು. "ನಾ ಪೆಟಗಿ ತಾ ಅಂದ್ರ ನೀ ಲಗ್ನಾ ಮಾಡಾಕ ಬಂದೀ ಏನಬೇ?"

"ಹೂ ಬಿಡೂದರಾಗ ಎಲ್ಲಾ ತಯಾರಾಗತದ, ಸುಮ್ನಿರು."

"ಆಗಲಿಲ್ಲಂದ್ರ?"

"ಆಗತದ. ಆಕಳಾಗ ಆಗೂದು ನೊಣದಾಗ ಯಾಕ ಆಗಂಗಿಲ್ಲ?"

"ಆಕಳಿಗೆ ಗಬ್ಬದ ಸೂಜಿ ಮಾಡಸ್ತೀ. ಇವಕ್ಕ ಯಾರ ಮಾಡಸ್ತಾರ, ನೀನೋ, ಮಾಸ್ತರೋ?"

ಮಾಸ್ತರರು ಬಾವಿಯ ಕಡೆ ನಡೆದುಬಿಟ್ಟರು.

ಹೊಸ ರಾಣಿಯರು ಹುಟ್ಟಿದರು. ಉಳ್ಳಾಗಡ್ಡಿ ದಂಟು ಬಿಟ್ಟಿತು. ಹೊಲವೆಲ್ಲ ಬೆಳ್ಳಗಾಗತೊಡಗಿತು, ನೋಡಲು ಚಂದ. ಆದರೆ ಹೂವಿನ ಮೇಲೆ ನೊಣ ದಿನದಿಂದ ದಿನಕ್ಕೆ ತೆಳುವಾದವು. ತಂಗಿ ಫೋನಿನಲ್ಲಿ ಬೈಯುವುದನ್ನು ಬಿಟ್ಟು ಸುಮ್ಮನಾದಾಗ ನನಗೆ ಹೆದರಿಕೆ ಹುಟ್ಟಿತು. ಬಸ್ಸು ಹಿಡಿದು ಹೋದೆ.

ಆಕಳು ಬೆದೆಗೆ ಬಂದಿದೆಯೋ ಇಲ್ಲವೋ ಎಂದು ದಿನವಿಡೀ ಕೂತು ಕಾಯುವುದು ನನಗೆ ಹೊಸದಲ್ಲ. ಹಾಗೇ ತಲೆಯ ಮೇಲೆ ಸೆರಗು ಹೊದ್ದು ಪೆಟ್ಟಿಗೆಗಳ ಮುಂದೆ ಕೂತೆ. ಮಧ್ಯಾಹ್ನದ ಬಿಸಿಲು ನೆತ್ತಿಯಿಂದ ವಾಲುತ್ತಿದ್ದ ಹಾಗೆ ಕರಿ ಪೆಟ್ಟಿಗೆಯಿಂದ ಗಂಡು ನೊಣಗಳು ಹೊರಬಿದ್ದವು. ದಪ್ಪ ಮೈ, ದೊಡ್ಡ ಕಣ್ಣು, ದುಡಿಯುವ ನೊಣಕ್ಕಿಂತ ಜೋರು ಗುಂಯ್ ಸದ್ದು. ಬೀಗರ ದಿಬ್ಬಣ ಹೊರಟಿತು ಎಂದು ನನಗೆ ಖುಷಿ. ಹಳದಿ ಪೆಟ್ಟಿಗೆಯ ಬಾಗಿಲಲ್ಲಿ ಒಬ್ಬಳೂ ಇಲ್ಲ. ದಿಬ್ಬಣ ಸುತ್ತಾಡಿತು, ದಣಿಯಿತು, ತಿರುಗಿ ಬಂದು ಒಳಗೆ ಹೊಕ್ಕಿತು. ಬಿಸಿಲು ಇಳಿಯಿತು. ತಂಗಿ ಚಹಾ ತಂದು ಕೊಟ್ಟಳು. ಆಗ ನೋಡಿ, ಹಳದಿ ಪೆಟ್ಟಿಗೆಯ ಬಾಗಿಲಿಗೆ ಉದ್ದ ಮೈಯ ಒಬ್ಬಳು ಬಂದಳು. ಒಂದು ಸಲ ಒಳಗೆ ಹೋದಳು, ಮತ್ತೆ ಬಂದಳು, ಹಾರಿದಳು. ಆಕಾಶ ಖಾಲಿ.

ಮರುದಿನವೂ ಕೂತೆ. ಹಾಗೇ ಆಯಿತು. ಇವರು ಉಂಡು ಕೈ ತೊಳೆದ ಮೇಲೆ ಅವರು ಒಲೆ ಹಚ್ಚುವುದು.

ಮಾಸ್ತರರನ್ನು ಕರೆಸಿದೆ. ಬಂದು ಎರಿ ಎತ್ತಿ ನೋಡಿದರು. ನಾಲ್ಕರಲ್ಲಿ ಎರಡು ಪೆಟ್ಟಿಗೆಗಳಲ್ಲಿ ಬರೀ ಗಂಡು ಮರಿ. ಇನ್ನೆರಡರಲ್ಲಿ ರಾಣಿ ಕೂಡಿ ಬಂದಿದ್ದಳು, ಮರಿ ಸರಿಯಾಗಿದ್ದವು. ನಾನು ಆ ಮರಿಗಳನ್ನು ನೋಡಲು ಬಾಗಿದೆ. ಹುಟ್ಟಿ ಹೊರಬಂದಿದ್ದವೆಲ್ಲ ಹಳದಿ. ಒಂದರ ಮೈ ಮೇಲೂ ಕರಿಯ ಸುಳಿವಿಲ್ಲ.

"ಹಳದಿ ಗಂಡು ನಾ ಇಟ್ಟೇ ಇಲ್ಲಲ್ರಿ," ಎಂದೆ.

"ಎಲ್ಲೋ ಹಾಳ ಬಾವಿ ಗ್ವಾಡ್ಯಾಗ ಕಾಡ ಗೂಡು ಇದ್ದೀತು. ಅಲ್ಲಿಂದ ಬಂದಾವ. ದೂರ ಇದ್ರೂ ಹೊತ್ತು ಕೂಡಿತು. ನಿಮ್ಮ ಕರಿ ಗಂಡು ಮಗ್ಗಲದಾಗಽ ಇದ್ವು, ಹೊತ್ತು ಕೂಡಲಿಲ್ಲ."

"ಇದು ನಿಮಗ ಮೊದಲಽ ಗೊತ್ತಿತ್ತೇನ್ರಿ?"

"ಪೂರ್ತಿ ಗೊತ್ತಿರಲಿಲ್ರಿ. ಸಂಶೇ ಇತ್ತು."

"ಸಂಶೇನಽ ಹೇಳಬೇಕಿಲ್ಲೇನ್ರಿ?"

"ಹೇಳಾಕ ಶುರು ಮಾಡಿದ್ನೆಲ್ರಿ. ನೀವು ಟಂಟಂ ಕರದ್ರಿ."

ಆವತ್ತು ಮಾತ್ರ ಅವರ ಮಾತನ್ನು ಕಡೆಯವರೆಗೆ ಕೇಳಿದೆ. ಬಾವಿಕಟ್ಟೆಯ ಮೇಲೆ ಕೂತು ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ಯಾಕೆಂದರೆ ಅವರ ಮಾತಿನಲ್ಲಿ ಹೇಳಿದರೆ ನೀವು ಎದ್ದು ಹೋಗುತ್ತೀರಿ.

ಎಷ್ಟೋ ಕಾಲದ ಹಿಂದೆ ಈ ನೊಣ ಒಂದೇ ಇತ್ತು. ಕೆಲವು ಕಾಡುಗುಡ್ಡದ ತಂಪಿನಲ್ಲಿ ನಿಂತವು, ಕೆಲವು ಬಯಲಿಗೆ ಇಳಿದವು. ನಡುವಿನ ಹಾದಿ ಉದ್ದವಾಯಿತು, ಹೋಗಿ ಬಂದು ಮಾಡುವುದು ಕಡಿಮೆಯಾಯಿತು. ಗುಡ್ಡದಲ್ಲಿ ಸಂಜೆ ಬೇಗ ತಂಪಾಗುತ್ತದೆ. ಬಿಸಿಲು ಇರುವಾಗಲೇ ಹಾರಿದ ಗಂಡಿಗೆ ಹೆಣ್ಣು ಸಿಕ್ಕಿತು, ತಡ ಮಾಡಿದ್ದು ಲಗ್ನವಿಲ್ಲದೆ ಸತ್ತಿತು. ಬಯಲಿನಲ್ಲಿ ಉಲ್ಟಾ. ಸುಡುವ ಹೊತ್ತಿನಲ್ಲಿ ಹೊರಬಿದ್ದದ್ದು ಬಳಲಿತು, ಬಿಸಿಲು ಇಳಿಯುವ ತನಕ ತಾಳಿದ್ದು ಬಾಳಿತು. ಲಗ್ನವಾದವರ ಮಕ್ಕಳೇ ತಾನೇ ಮುಂದೆ ಉಳಿಯುವುದು? ಮಕ್ಕಳು ತಂದೆ ತಾಯಿಯ ಹೊತ್ತನ್ನೇ ಹಿಡಿದವು. ತಲೆ ತಲೆಮಾರು ಹೀಗೇ ನಡೆದು ಎರಡರ ಹೊತ್ತೂ ಬೇರೆಯಾಯಿತು. ಈಗ ನನ್ನಂಥವಳು ಬಂದು ಮಗ್ಗುಲಲ್ಲಿ ತಂದಿಟ್ಟರೂ ಭೇಟಿಯೇ ಇಲ್ಲ. ಜಗಳವಾಗಿ ಬೇರೆಯಾದದ್ದಲ್ಲ. ಕೊಡುವುದು ತರುವುದು ನಿಂತಿತು, ಅಷ್ಟೇ. ಅದು ನಿಂತ ಮೇಲೆ ಬಣ್ಣ ಬೇರೆ, ಗಾತ್ರ ಬೇರೆ, ಸ್ವಭಾವ ಬೇರೆ, ಎಲ್ಲವೂ ಅದರ ಹಿಂದೆ ನಿಧಾನಕ್ಕೆ ಬರುತ್ತವೆ. ಇದು ತಮ್ಮ ಅಂದಾಜು, ಗ್ರಂಥದಲ್ಲಿ ಬರೆದದ್ದಲ್ಲ ಎಂದೂ ಮಾಸ್ತರರು ಸೇರಿಸಿದರು. ಅದನ್ನು ಸೇರಿಸದಿದ್ದರೆ ಅವರು ಮಾಸ್ತರರೇ ಅಲ್ಲ.

ತಂಗಿ ಕೇಳುತ್ತ ನಿಂತಿದ್ದಳು. "ಹಂಗಾದ್ರ ಮಾಸ್ತರ, ಕೊಡೂದು ತರೂದು ಇಲ್ಲದ ನಮ್ಮ ಮಂದೀನೂ ಹಿಂಗಽ ಬ್ಯಾರೆ ಬ್ಯಾರೆ ಆಗತಾರೇನ್ರಿ?"

"ಇಲ್ಲವಾ. ಮನಷ್ಯಾರಾಗ ಬ್ಯಾಡ ಅನ್ನೂದು ಬಾಯಿ, ಮೈ ಅಲ್ಲ. ಮದುವಿ ಆದ್ರ ಮಕ್ಕಳು ಚಂದಾಗೇ ಆಗತಾವ."

ನನಗೆ ಬೇಕಾದ್ದು ಬೇರೆ. "ಮಾಸ್ತರ, ಕಡೀ ಮಾತು ಹೇಳ್ರಿ. ಈ ನೊಣ ಒಂದು ಜಾತಿಯೋ, ಎರಡೋ?"

"ನಡುವ ಅದಾವ್ರಿ. ಒಂದು ಅನ್ನವರೂ ಅದಾರ, ಎರಡು ಅನ್ನವರೂ ಅದಾರ. ಇನ್ನಾ ದಾರ್‍ಯಾಗ ಅದಾವ."

"ನಡುವ ಅಂದ್ರ ಏನ್ರಿ? ನಾ ಸಂತ್ಯಾಗ ಆಕಳ ಮಾರುವಾಗ ಗಬ್ಬ ಅದ ಅನ್ನಬೇಕು, ಇಲ್ಲಾ ಇಲ್ಲ ಅನ್ನಬೇಕು. ನಡುವ ಅದ ಅಂದ್ರ ಯಾರ ತಗೋತಾರ?"

"ಗಬ್ಬ ನಿಂತದ್ದು ಕೈಗೆ ಹತ್ತಾಕ ನಿಮಗೂ ತಿಂಗಳ ಎರಡು ತಿಂಗಳ ಬೇಕಲ್ರಿ. ಅಲ್ಲೀತನಕ ಏನ ಅಂತೀರಿ?"

ಅಲ್ಲಿಯವರೆಗೆ ನಾನು ಬಾಯಿ ಮುಚ್ಚಿಕೊಂಡು ಇರುತ್ತೇನೆ. ಒಂದೇ ಕೊಟ್ಟಿಗೆಯಲ್ಲಿ ಎಮ್ಮೆಯೂ ಹೋರಿಯೂ ಎಷ್ಟು ವರ್ಷ ಕೂಡಿ ಇದ್ದರೂ ಕರು ಆಗುವುದಿಲ್ಲ, ಇದು ನನಗೆ ಮೊದಲಿನಿಂದ ಗೊತ್ತು. ಅವು ಎಂದೋ ಪೂರಾ ಬೇರೆಯಾದವು. ಜರ್ಸಿ, ಜವಾರಿ ಇನ್ನೂ ಒಂದೇ. ಈ ಎರಡರ ನಡುವೆ ಹಾದಿಯಲ್ಲಿ ನಿಂತ ಪ್ರಾಣಿಗಳೂ ಇರುತ್ತವೆ ಎಂದು ನಾನು ಯೋಚಿಸಿರಲೇ ಇಲ್ಲ. ನಿಂತವು ನನ್ನ ತಂಗಿಯ ಹೊಲದಲ್ಲೇ ನಿಲ್ಲಬೇಕಿತ್ತೇ ಎಂಬುದು ನನ್ನ ಸಂಕಟ.

ಅದೇ ವಾರ ಬಿಸಿಲು ಏರಿತು. ಒಂದು ಬೆಳಿಗ್ಗೆ ಕರಿ ಪೆಟ್ಟಿಗೆಗಳ ಮುಚ್ಚಳ ತೆಗೆದರೆ ಎರಿ ಖಾಲಿ. ಎರಡೂ ಎದ್ದು ಹೋಗಿದ್ದವು.

"ಬೀಗರು ಉಣ್ಣದಽ ಹೋದ್ರು ನೋಡಬೇ ಯಕ್ಕಾ," ಎಂದಳು ತಂಗಿ. ನಗಲಿಲ್ಲ. ಹೊಲದ ಕಡೆ ತಿರುಗಿ ನಿಂತಳು. ಬಾವಿಯ ಕಡೆಯ ಅರ್ಧಕ್ಕೆ ಬದುಕಿದ ಎರಡು ಪೆಟ್ಟಿಗೆಗಳ ನೊಣ ಸಾಲುತ್ತಿದ್ದವು. ಆಚೆಯ ಅರ್ಧ ಅರಳಿಕೊಂಡು ಸುಮ್ಮನೆ ನಿಂತಿತ್ತು.

ಮಾಸ್ತರರ ಹತ್ತಿರ ಬೇರೆ ಹಳದಿ ಪೆಟ್ಟಿಗೆ ಆಗ ಇರಲಿಲ್ಲ. ಉಳಿದದ್ದು ಕೈ. ಮುಂಜಾನೆ ಇಬ್ಬನಿ ಆರಿದ ಮೇಲೆ ನಾವಿಬ್ಬರೂ ಸಾಲು ಹಿಡಿದು, ಒಂದೊಂದು ಹೂವಿನ ಚೆಂಡನ್ನೂ ಅಂಗೈಯಿಂದ ಮೆಲ್ಲಗೆ ಸವರುತ್ತ ನಡೆದೆವು. ಮಗುವಿನ ತಲೆ ಸವರಿದ ಹಾಗೆ ಸವರಬೇಕು, ಒತ್ತಿದರೆ ಎಸಳು ಉದುರುತ್ತದೆ. ಒಂದರ ಹುಡಿ ಅಂಗೈಗೆ ಹತ್ತಿ ಮುಂದಿನದಕ್ಕೆ ಹೋಗುತ್ತದೆ. ನೊಣ ಹಾಡುತ್ತ ಮಾಡುವ ಕೆಲಸ. ನಾವು ಸೊಂಟ ಹಿಡಿದುಕೊಂಡು, ಬೈದುಕೊಳ್ಳುತ್ತ ಮಾಡಿದೆವು. ಸಂಜೆ ರೊಟ್ಟಿ ಮುರಿದರೂ ಕೈಯಿಂದ ಉಳ್ಳಾಗಡ್ಡಿ ಹೂವಿನ ಘಾಟು ಹೋಗುತ್ತಿರಲಿಲ್ಲ. ಭಾವ ಬದುವಿನ ಮೇಲೆ ಬಂದು ನಿಂತು ನೋಡಿ, "ಏನ ನಡಸೀರವಾ, ಹೂವಿಗೆ ಎಣ್ಣಿ ತಿಕ್ಕಾಕತ್ತೀರೇನು?" ಎಂದು ಕೇಳಿ ಹೋದ. ಹೂವು ಮುಗಿಯುವ ತನಕ ನಾನು ಸಂತೆಗೆ ಹೋಗಲಿಲ್ಲ. ಹೋಗುವ ಮುಖವೂ ಇರಲಿಲ್ಲ.

ಕೊಯ್ದು, ಒಣಗಿಸಿ, ಬಡಿದು ತೂರಿದಾಗ ಬಾವಿಯ ಕಡೆಯ ಬೀಜ ಕರ್ರಗೆ, ಗಟ್ಟಿಯಾಗಿ, ಕಾಳು ಕಾಳಾಗಿ ಬಂದಿತು. ಆಚೆ ಕಡೆಯದ್ದರಲ್ಲಿ ಹೊಟ್ಟೇ ಹೆಚ್ಚು, ನಮ್ಮ ಕೈಗೆ ಮರ್ಯಾದೆ ಕೊಡುವಷ್ಟು ಕಾಳು ಮಾತ್ರ. ಭಾವ ಕಣದಲ್ಲಿ ಕುಕ್ಕರಗಾಲಿನಲ್ಲಿ ಕೂತು ಎರಡೂ ರಾಶಿಯಲ್ಲಿ ಕೈ ಆಡಿಸಿದ. ಒಂದು ಹಿಡಿ ಬಾಯಿಂದ ಊದಿ ನೋಡಿದ. ತಂಗಿ ಕಣದ ಅಂಚಿನಲ್ಲಿ ಮೊರ ಹಿಡಿದು ನಿಂತಿದ್ದಳು. ನಾನು ಬೀಜದ ದರದ ಬಗ್ಗೆ ಏನೋ ಹೇಳಲು ಬಾಯಿ ತೆರೆದೆ. ಅವಳು ನನ್ನನ್ನು ನೋಡಿದ ರೀತಿಗೆ ಮುಚ್ಚಿದೆ.

"ಅರ್ಧ ಬಂದದ," ಎಂದ ಭಾವ ಕಡೆಗೆ. "ಬಾವಿ ಕಡೀ ಅರ್ಧ ನಿನ್ನ ಕೈಯಾಗಽ ಇರಲಿ. ಆಚೀ ಅರ್ಧಕ್ಕ ಕಡ್ಲಿ."

"ಮುಂದಿನ ಸಲ ಪೂರಾ ಬಂದ್ರ?" ಎಂದಳು ತಂಗಿ.

"ಬಂದ್ರ ಪೂರಾ ನಿಂದು. ಖರೆ, ನಿಮ್ಮಕ್ಕ ಪೆಟಗಿಗೆ ಕೈ ಹಚ್ಚಬಾರದು."

ತಂಗಿ ಒಂದು ಕ್ಷಣವೂ ತಡೆಯದೆ ಹೂಂ ಅಂದುಬಿಟ್ಟಳು. ಅಷ್ಟು ಬೇಗ ಒಪ್ಪಿಕೊಂಡರೆ ಯಾವ ವ್ಯಾಪಾರವೂ ನೆಟ್ಟಗಾಗುವುದಿಲ್ಲ ಎಂದು ಅವಳಿಗೆ ಎಷ್ಟು ಸಲ ಹೇಳಿದ್ದೇನೆ.

ಈಗ ನಿಮಗೆ. ಬೀಜದ ಬೆಳೆಗೆ ಜೇನು ಬೇಕಾದರೆ, ದೂರದ್ದನ್ನು ತರುವ ಮೊದಲು ನಿಮ್ಮ ಊರಿನ ಹಾಳು ಬಾವಿಯ ಗೋಡೆ, ಹಳೆಯ ಮರದ ಪೊಟರೆ ನೋಡಿ ಬನ್ನಿ. ಅಲ್ಲಿ ಯಾವ ಬಣ್ಣದ ತುಡುವೆ ಇದೆಯೋ ಅದೇ ಬಣ್ಣದ ಪೆಟ್ಟಿಗೆ ಕೊಳ್ಳಿ. ಕೊಳ್ಳುವ ಮೊದಲು ಎರಡು ಮಧ್ಯಾಹ್ನ ಪೆಟ್ಟಿಗೆಯ ಮುಂದೆ ಕೂತು, ಗಂಡು ನೊಣ ಯಾವಾಗ ಹೊರಡುತ್ತದೆ, ಯಾವಾಗ ಮರಳುತ್ತದೆ ನೋಡಿ. ಗಂಡು ಹುಟ್ಟುವ ಗೂಡುಗಳನ್ನು ಯಾರೇ ಹೇಳಿದರೂ ಪೂರಾ ಕೊಯ್ಯಬೇಡಿ. ಹೂವು ಶುರುವಾಗುವ ಹೊತ್ತಿಗೆ ಮೊಟ್ಟೆ ಇಡುತ್ತಿರುವ ರಾಣಿ ಇರುವ ಪೆಟ್ಟಿಗೆಯನ್ನೇ ತನ್ನಿ, ಎರಿ ಎತ್ತಿಸಿ ಕಣ್ಣಾರೆ ನೋಡಿ. ಮಾರುವವರು ಮಾತು ಅರ್ಧಕ್ಕೆ ನಿಲ್ಲಿಸಿದರೆ, ಇನ್ನೊಂದು ಚಹಾ ತರಿಸಿ ಪೂರ್ತಿ ಹೇಳಿಸಿಕೊಳ್ಳಿ. ಬಾಜೂಕಿನ ಹೊಲದವರು ಹತ್ತಿಗೆ ಎಣ್ಣೆ ಹೊಡೆಯುವ ದಿನ ಮೊದಲೇ ಕೇಳಿಟ್ಟುಕೊಂಡು, ಆ ದಿನ ಪೆಟ್ಟಿಗೆಯ ಬಾಯಿಗೆ ಜಾಳಿಗೆ ಕಟ್ಟಿ, ಮೇಲೆ ಹಸಿ ಗೋಣಿಚೀಲ ಹಾಸಿರಿ. ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ಇಡಿ, ಇರುವೆ ಹತ್ತುವುದಿಲ್ಲ. ಬೇಸಿಗೆಯಲ್ಲಿ ಆ ನೀರು ದಿನಾ ಆರುತ್ತದೆ, ದಿನಾ ತುಂಬಿರಿ.